ಮನೆ ಅರ್ಧ, ದುಡ್ಡು ಮುಕ್ಕಾಲು

ಕಂಟ್ರಾಕ್ಟರ್ ಯಾವತ್ತೂ ಹೇಳಿ ಹೋಗುವುದಿಲ್ಲ. ಮೊದಲು ಸೈಟಿನಲ್ಲಿ ಗಾರೆಯವರು ಕಡಿಮೆಯಾಗುತ್ತಾರೆ. ಕೇಳಿದರೆ ‘ಹುಡುಗ್ರು ಊರಿಗೆ ಹೋಗಿದ್ದಾರೆ ಸಾರ್, ಹಬ್ಬ ಮುಗಿಸ್ಕೊಂಡು ಸೋಮವಾರ ಬಂದ್ಬಿಡ್ತಾರೆ’ ಎಂಬ ಉತ್ತರ. ಸೋಮವಾರ ಬರುತ್ತದೆ, ಹುಡುಗರು ಬರುವುದಿಲ್ಲ. ಆಮೇಲೆ ಮಿಕ್ಸರ್ ಮೆಷಿನ್ ‘ಒಂದೇ ದಿನಕ್ಕೆ’ ಬೇರೆ ಸೈಟಿಗೆ ಹೋಗುತ್ತದೆ. ಕಂಬಿ ಅಂಗಡಿಯವನು ಬಂದು, ನಿಮ್ಮ ಕಂಟ್ರಾಕ್ಟರ್ ನಮಗೆ ಬಾಕಿ ಇಟ್ಟಿದ್ದಾರೆ, ನೀವೇ ಏನಾದರೂ ನೋಡಿ ಎನ್ನುತ್ತಾನೆ. ಕೊನೆಗೆ ಫೋನು: ಮೊದಲು ಎತ್ತುವುದಿಲ್ಲ, ಆಮೇಲೆ ಸ್ವಿಚ್ ಆಫ್. ಅಷ್ಟು ಹೊತ್ತಿಗೆ ಮನೆ ಮೋಲ್ಡ್ ಹಾಕಿಸಿಕೊಂಡು ನಿಂತಿರುತ್ತದೆ. ದುಡ್ಡು ಮಾತ್ರ ಪ್ಲಾಸ್ಟರಿಂಗ್ ದಾಟಿ ಟೈಲ್ಸ್ ಕಂತಿನವರೆಗೂ ಸಂದಾಯವಾಗಿರುತ್ತದೆ.

ಇದೆಲ್ಲ ಪ್ರತಿ ಸಲವೂ ಮೊದಲೇ ಹೂಡಿದ ಸಂಚಲ್ಲ. ಸಣ್ಣ ಕಂಟ್ರಾಕ್ಟರ್ ಕೈಯಲ್ಲಿ ಸ್ವಂತ ಬಂಡವಾಳ ಇರುವುದು ಕಡಿಮೆ. ಒಂದು ಮನೆಯ ಅಡ್ವಾನ್ಸಿನಲ್ಲಿ ಇನ್ನೊಂದು ಮನೆಗೆ ಸಿಮೆಂಟು ತರುತ್ತಾನೆ, ಮೂರನೆಯದರ ಕಂತಿನಲ್ಲಿ ಎರಡನೆಯದರ ಕೂಲಿ ಬಟವಾಡೆ ಮಾಡುತ್ತಾನೆ. ಎಲ್ಲೋ ಒಂದು ಕಡೆ ಹೊಸ ಕೆಲಸ ಸಿಗುವುದು ತಡವಾದರೆ ಸರಪಳಿ ಕಡಿಯುತ್ತದೆ. ಇನ್ನೊಂದು ಕಾರಣ ಮನೆಯವರೇ ಬರೆದುಕೊಟ್ಟ ಕಂತಿನ ಪಟ್ಟಿಯಲ್ಲಿರುತ್ತದೆ. ಪಾಯಕ್ಕೆ, ಲಿಂಟಲ್‌ಗೆ, ಮೋಲ್ಡ್‌ಗೆ ಎಂದು ಮೊದಲ ಹಂತಗಳಲ್ಲೇ ಹೆಚ್ಚು ಹಣ ಕೊಡುವ ಕರಾರಿದ್ದರೆ, ಮೋಲ್ಡ್ ಆದ ಮೇಲೆ ಉಳಿದ ದುಡ್ಡಿಗಿಂತ ಉಳಿದ ಕೆಲಸವೇ ಜಾಸ್ತಿ. ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಪೇಂಟಿಂಗ್ ಎಲ್ಲ ಕೈಯಿಂದ ಹಾಕಿ ಮಾಡಬೇಕು. ಅಲ್ಲಿಗೆ ಕೆಲಸ ಮುಗಿಸುವುದಕ್ಕಿಂತ ಬಿಟ್ಟು ಹೋಗುವುದೇ ಅವನ ಲೆಕ್ಕಕ್ಕೆ ಲಾಭ.

ಮನೆಯವರ ಮೊದಲ ಹೆಜ್ಜೆ ಸಾಮಾನ್ಯವಾಗಿ ಪೊಲೀಸ್ ಠಾಣೆಯ ಕಡೆಗೆ. ದುಡ್ಡು ತೆಗೆದುಕೊಂಡು ಕಣ್ಮರೆಯಾದವನನ್ನು ಮೋಸಗಾರ ಎನ್ನದೆ ಏನೆನ್ನುವುದು? ಆದರೆ ಕಾನೂನು ಅಷ್ಟು ಸುಲಭವಾಗಿ ಹಾಗೆನ್ನುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಯದು, ಹಿಂದೆ ‘ಫೋರ್‌ಟ್ವೆಂಟಿ’ ಎಂದು ಬೈಗುಳವೇ ಆಗಿಹೋಗಿದ್ದದ್ದು. ಈ ಕಲಂ ಅಡಿ ಶಿಕ್ಷೆಯಾಗಬೇಕಾದರೆ ಹಣ ಪಡೆಯುವ ಹೊತ್ತಿನಲ್ಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕು. ಮಾತು ಕೊಟ್ಟು ಆಮೇಲೆ ತಪ್ಪಿದ್ದು ಕರಾರು ಭಂಗ. ತಪ್ಪಲೆಂದೇ ಮಾತು ಕೊಟ್ಟದ್ದು ವಂಚನೆ. 2000ನೇ ಇಸವಿಯಲ್ಲಿ ಬಿಹಾರದ ಜಮೀನು ವ್ಯವಹಾರವೊಂದರಲ್ಲಿ ಸುಪ್ರೀಂ ಕೋರ್ಟ್ ಎಳೆದ ಈ ಗೆರೆಯನ್ನು ಆಮೇಲಿನ ತೀರ್ಪುಗಳು ಮತ್ತೆ ಮತ್ತೆ ಗಟ್ಟಿ ಮಾಡಿವೆ.

ದೆಹಲಿ ರೇಸ್ ಕ್ಲಬ್ಬಿನ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಕ್ಲಬ್ಬಿನ ಕುದುರೆಗಳಿಗೆ ಧಾನ್ಯ, ಓಟ್ಸ್ ಪೂರೈಸುತ್ತಿದ್ದ ವ್ಯಾಪಾರಿಗೆ 9 ಲಕ್ಷ ರೂಪಾಯಿಗೂ ಮೀರಿ ಬಾಕಿ ಬರಬೇಕಿತ್ತು. ಆತ ಕ್ರಿಮಿನಲ್ ದೂರು ಹೂಡಿದ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಿಮಿನಲ್ ಪ್ರಕ್ರಿಯೆಯನ್ನೇ ರದ್ದುಮಾಡಿತು. ಮಾರಿದ ಸರಕಿನ ಬಾಕಿಗೆ ಸಿವಿಲ್ ದಾವೆಯ ದಾರಿಯಿದೆ ಎಂದಿತು. ವಂಚನೆಯಲ್ಲಿ ಮೊದಲಿನಿಂದಲೇ ಕೆಟ್ಟ ಉದ್ದೇಶ ಇರಬೇಕು, ನಂಬಿಕೆ ದ್ರೋಹದಲ್ಲಿ ವಸ್ತು ನ್ಯಾಯವಾಗಿಯೇ ಕೈಗೆ ಬಂದು ಆಮೇಲೆ ದುರುಪಯೋಗವಾಗಬೇಕು. ಒಂದೇ ಸಂಗತಿಗೆ ಎರಡನ್ನೂ ಹೊಂದಿಸಲಾಗದು ಎಂದೂ ಹೇಳಿತು. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್ ಕಣ್ರೀ’ ಎಂದು ಹಿಂಬರಹ ಕೊಟ್ಟು ಕಳಿಸುವ ಸಬ್ ಇನ್‌ಸ್ಪೆಕ್ಟರ್ ಎಷ್ಟೋ ಸಲ ಸೋಮಾರಿತನದಿಂದ ಹಾಗೆ ಹೇಳಿರಬಹುದು. ಆದರೆ ಅವರು ಹೇಳಿದ್ದು ಎಲ್ಲ ಸಲವೂ ತಪ್ಪಲ್ಲ.

ಹಾಗೆಂದು ಠಾಣೆಯ ಬಾಗಿಲು ಪೂರ್ತಿ ಮುಚ್ಚಿಲ್ಲ. ಸುಳ್ಳು ಹೆಸರು ಅಥವಾ ಇಲ್ಲದ ಕಂಪನಿಯ ಹೆಸರಿನಲ್ಲಿ ಹಣ ಪಡೆದಿದ್ದರೆ, ಒಂದೇ ತಿಂಗಳಲ್ಲಿ ಹತ್ತಾರು ಜನರಿಂದ ಅಡ್ವಾನ್ಸ್ ಎತ್ತಿ ಯಾರ ಸೈಟಿನಲ್ಲೂ ಗುದ್ದಲಿ ಹಾಕದಿದ್ದರೆ, ತರದ ಸಾಮಾನಿಗೆ ನಕಲಿ ಬಿಲ್ ತೋರಿಸಿದ್ದರೆ ಅದು ವಂಚನೆಯ ಕಡೆಗೆ ವಾಲುತ್ತದೆ. ‘ತೇಗದ ಬಾಗಿಲಿಗೆ’ ಎಂದೇ ಪ್ರತ್ಯೇಕವಾಗಿ ಕೊಟ್ಟ ಹಣ ಬೇರೆಲ್ಲೋ ಹೋಗಿದ್ದರೆ 316ನೇ ಕಲಮಿನ ನಂಬಿಕೆ ದ್ರೋಹದ ಮಾತು ಬರುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರವಣಿಗೆಯಲ್ಲಿ ಕೊಟ್ಟು, ಅಲ್ಲೂ ಆಗದಿದ್ದರೆ ಪ್ರಮಾಣಪತ್ರ ಸಹಿತ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಮಿನಲ್ಲಿ ಅವಕಾಶವಿದೆ. ಒಂದು ಮಾತು ನೆನಪಿರಲಿ: ಕ್ರಿಮಿನಲ್ ಕೇಸು ಶಿಕ್ಷೆಗಾಗಿ ಇರುವುದು, ನಿಂತ ಮನೆಯ ಮೇಲೆ ತಾರಸಿ ಹಾಕಿಸುವುದಕ್ಕಲ್ಲ. ಠಾಣೆಗೆ ಅಲೆಯುತ್ತ ಕಳೆದ ತಿಂಗಳುಗಳಲ್ಲಿ ದುಡ್ಡು ವಾಪಸ್ ತರುವ ಸಾಕ್ಷ್ಯ ಸೈಟಿನಲ್ಲೇ ಅಳಿಸಿಹೋಗುತ್ತಿರುತ್ತದೆ.

ಅಳಿಸಿಹೋಗುವುದು ಹೀಗೆ. ಕಂಟ್ರಾಕ್ಟರ್ ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಮನೆಯವರು ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದು ಕೆಲಸ ಶುರು ಮಾಡಿಸುತ್ತಾರೆ. ಬಾಡಿಗೆ ಮನೆಯ ಮಾಲೀಕ ಬಿಡಿ ಬಿಡಿ ಎನ್ನುತ್ತಿದ್ದಾನೆ, ಆಷಾಢ ಬರುವುದರೊಳಗೆ ಗೃಹಪ್ರವೇಶ ಆಗಬೇಕು. ಹೊಸ ಮೇಸ್ತ್ರಿ ಹಳೆಯ ಗೋಡೆಯ ಮೇಲೆ ಎರಡು ವರಸೆ ಇಟ್ಟಿಗೆ ಇಟ್ಟ ಕ್ಷಣದಿಂದ ಯಾವುದು ಯಾರ ಕೆಲಸ ಎಂದು ಹೇಳುವವರಿಲ್ಲ. ಒಂದೂವರೆ ವರ್ಷದ ಮೇಲೆ ಗ್ರಾಹಕ ಆಯೋಗದ ಮುಂದೆ ಕಂಟ್ರಾಕ್ಟರನ ವಕೀಲರು ‘ನಮ್ಮ ಕಕ್ಷಿದಾರರು ಪ್ಲಾಸ್ಟರಿಂಗ್‌ವರೆಗೆ ಮುಗಿಸಿಕೊಟ್ಟಿದ್ದರು’ ಎಂದಾಗ ಮನೆಯವರ ಕೈಯಲ್ಲಿ ಬರೀ ಬಾಯಿಮಾತು ಉಳಿದಿರುತ್ತದೆ.

ಆದ್ದರಿಂದ ಇಡೀ ವ್ಯಾಜ್ಯದ ಗಟ್ಟಿ ದಾಖಲೆ ತಯಾರಾಗಬೇಕಾದದ್ದು ಕೆಲಸ ನಿಂತ ಮೇಲೆ, ಎರಡನೇ ಮೇಸ್ತ್ರಿ ಕರಣೆ ಎತ್ತುವ ಮುಂಚೆ. ಒಬ್ಬ ಚಾರ್ಟರ್ಡ್ ಎಂಜಿನಿಯರನ್ನು ಕರೆಸಿ ಅಳತೆ ತೆಗೆಸಬೇಕು. ಎಷ್ಟು ಕ್ಯುಬಿಕ್ ಮೀಟರ್ ಕಾಂಕ್ರೀಟು, ಎಷ್ಟು ಚದರ ಮೀಟರ್ ಗೋಡೆ, ಎಷ್ಟು ಬಾಗಿಲ ಚೌಕಟ್ಟು ನಿಂತಿದೆ, ಕರಾರಿನ ದರದಲ್ಲಿ ಅದರ ಬೆಲೆ ಎಷ್ಟು, ಉಳಿದದ್ದೇನು ಎಂಬ ವರದಿಗೆ ಅವರ ಸಹಿ, ಮೊಹರು, ತಾರೀಖು ಬೇಕು. ಕೋಣೆ ಕೋಣೆಯ ಫೋಟೊ, ವಿಡಿಯೊ ತೆಗೆಯಬೇಕು. ಗೋಡೆಗೆ ಟೇಪು ಹಿಡಿದು ಅಂಕಿ ಕಾಣುವ ಹಾಗೆ. ಉಳಿದ ಸಿಮೆಂಟ್ ಮೂಟೆ, ಎಂ-ಸ್ಯಾಂಡ್, ಜಲ್ಲಿಯ ಪಟ್ಟಿಯೂ ಬೇಕು. ಮನೆಗೆ ಗೃಹಸಾಲ ಇದ್ದರೆ ಇನ್ನೊಂದು ಅನುಕೂಲ ಇದೆ, ಅದು ಹೆಚ್ಚಿನವರಿಗೆ ಹೊಳೆಯುವುದಿಲ್ಲ: ಪ್ರತಿ ಕಂತಿಗೂ ಮುಂಚೆ ಬ್ಯಾಂಕಿನವರು ಬಂದು ಕೆಲಸ ಯಾವ ಹಂತದಲ್ಲಿದೆ ಎಂದು ಬರೆದುಕೊಂಡು ಹೋಗಿರುತ್ತಾರೆ. ಕಂಟ್ರಾಕ್ಟರನಿಗೂ ಮನೆಯವರಿಗೂ ಸಂಬಂಧಪಡದ ಮೂರನೆಯವರ ದಾಖಲೆ ಅದು.

ಸೈಟಿನಲ್ಲಿ ಕಂಟ್ರಾಕ್ಟರ್ ಬಿಟ್ಟುಹೋದ ಸೆಂಟ್ರಿಂಗ್ ಶೀಟು, ಜಾಕಿ, ಸರ್ವೆ ಮರ ಬಿದ್ದಿರುತ್ತವೆ. ಅವನ್ನು ಮಾರಿ ದುಡ್ಡು ಮುರಿದುಕೊಳ್ಳುವ ಆಸೆ ಬಲವಾಗಿಯೇ ಇರುತ್ತದೆ. ಅವು ಅವನವು, ಇಲ್ಲವೇ ಅವನು ಬಾಡಿಗೆಗೆ ತಂದ ಅಂಗಡಿಯವು. ಮಾರಿದರೆ ದೂರುದಾರರೇ ಆರೋಪಿಯ ಜಾಗಕ್ಕೆ ಬರಬಹುದು. ಪಟ್ಟಿ ಮಾಡಿ, ಇಬ್ಬರು ಅಕ್ಕಪಕ್ಕದವರ ಸಹಿ ಹಾಕಿಸಿ, ಬಂದು ತೆಗೆದುಕೊಂಡು ಹೋಗುವಂತೆ ನೋಟಿಸಿನಲ್ಲೇ ಬರೆಯುವುದು ಕ್ಷೇಮ. ಕಂಬಿ ಅಂಗಡಿಯವನ ಬಾಕಿಯೂ ಹಾಗೆಯೇ: ಬಿಲ್ಲು ಕಂಟ್ರಾಕ್ಟರನ ಹೆಸರಿನಲ್ಲಿದ್ದು ಮನೆಯವರು ಯಾವ ಜಾಮೀನನ್ನೂ ಕೊಟ್ಟಿರದಿದ್ದರೆ ಅದು ಅವರಿಬ್ಬರ ವ್ಯವಹಾರ.

ನೋಟಿಸಿನ ವಿಚಾರಕ್ಕೆ ಬಂದರೆ, ಅದು ಬರೀ ಬೆದರಿಕೆಯ ಕಾಗದವಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿ ಅದಕ್ಕೊಂದು ಹೊಸ ತೂಕ ಕೊಟ್ಟಿದೆ. ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ 20ನೇ ಕಲಂ ಪ್ರಕಾರ, ಒಬ್ಬ ಕರಾರು ಮುರಿದರೆ ಇನ್ನೊಬ್ಬ ಅದೇ ಕೆಲಸವನ್ನು ಬೇರೆಯವರಿಂದ ಮಾಡಿಸಿ, ತಗಲಿದ ಖರ್ಚನ್ನು ಮುರಿದವನಿಂದಲೇ ವಸೂಲಿ ಮಾಡಬಹುದು. ಷರತ್ತು ಎರಡು. ಕಡಿಮೆ ಎಂದರೆ 30 ದಿನಗಳ ಲಿಖಿತ ನೋಟಿಸು ಕೊಟ್ಟು, ಕೆಲಸ ಮುಗಿಸು ಎಂದು ಕೇಳಿರಬೇಕು. ಮತ್ತು ಖರ್ಚು ಕೇಳುವ ಮುಂಚೆ ಕೆಲಸವನ್ನು ನಿಜಕ್ಕೂ ಮಾಡಿಸಿರಬೇಕು. ಬರೀ ಎಸ್ಟಿಮೇಟ್ ಹಿಡಿದುಕೊಂಡು ಹೋದರೆ ಈ ಕಲಮಿನಡಿ ದುಡ್ಡು ಹುಟ್ಟುವುದಿಲ್ಲ. ಇದರ ಜೊತೆಗೆ ನಷ್ಟ ಪರಿಹಾರ ಕೇಳಲೂ ಅಡ್ಡಿಯಿಲ್ಲ. ಮನೆ ಕಟ್ಟುವವರಿಗೆ ಇಷ್ಟು ಹೊಂದುವ ಕಲಂ ಇನ್ನೊಂದಿಲ್ಲ. ಆದರೂ ವಕೀಲರು ಬರೆಯುವ ಎಷ್ಟೋ ನೋಟಿಸುಗಳಲ್ಲಿ ‘ಏಳು ದಿನದೊಳಗೆ ಹಣ ವಾಪಸ್ ಕೊಡತಕ್ಕದ್ದು’ ಎಂಬ ಹಳೆಯ ವಾಕ್ಯವೇ ಇರುತ್ತದೆ, ಮೂವತ್ತು ದಿನದ ಮಾತೇ ಇರುವುದಿಲ್ಲ.

ಎಷ್ಟು ಕೇಳಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಉದಾಹರಣೆಗೆ 1,200 ಚದರ ಅಡಿಯ ಮನೆ, ಚದರ ಅಡಿಗೆ 2,200 ರೂಪಾಯಿ ಎಂದಿಟ್ಟುಕೊಳ್ಳೋಣ. ಕರಾರು 26.4 ಲಕ್ಷ. ಕೊಟ್ಟದ್ದು 18 ಲಕ್ಷ. ಎಂಜಿನಿಯರ್ ಅಳೆದು ನೋಡಿದಾಗ ಆದ ಕೆಲಸದ ಬೆಲೆ 12.5 ಲಕ್ಷ. ಸಿಟ್ಟಿನಲ್ಲಿರುವ ಮನೆಯವರು ‘ನನ್ನ 18 ಲಕ್ಷ ವಾಪಸ್ ಕೊಡಿಸಿ’ ಎಂದು ಕೇಳುತ್ತಾರೆ. ಆದ ಕೆಲಸ ಅವರ ಸೈಟಿನಲ್ಲೇ ಇದೆಯಲ್ಲ, ಅದನ್ನು ಕಳೆಯದೆ ಯಾವ ನ್ಯಾಯಾಲಯವೂ ಕೊಡುವುದಿಲ್ಲ. ಹಾಗಂತ 5.5 ಲಕ್ಷಕ್ಕೇ ನಿಲ್ಲಬೇಕಾಗಿಯೂ ಇಲ್ಲ. ಕರಾರಿನ ಲೆಕ್ಕದಲ್ಲಿ ಉಳಿದ ಕೆಲಸ 13.9 ಲಕ್ಷದ್ದು, ಇನ್ನೊಬ್ಬರು ಅರ್ಧಕ್ಕೆ ನಿಂತ ಮನೆಗೆ ಕೈಹಾಕಲು 18 ಲಕ್ಷ ತೆಗೆದುಕೊಂಡರೆ ಆ 4.1 ಲಕ್ಷದ ವ್ಯತ್ಯಾಸವೂ ನಷ್ಟವೇ. ಒಟ್ಟು 9.6 ಲಕ್ಷ. ತಾಳೆ ನೋಡಬೇಕೆಂದರೆ, ಎರಡೂ ಕಡೆ ಕೊಟ್ಟ 36 ಲಕ್ಷದಲ್ಲಿ ಮೂಲ ಕರಾರಿನ 26.4 ಲಕ್ಷ ಕಳೆದರೂ ಅಷ್ಟೇ ಉಳಿಯುತ್ತದೆ. ಹೊಸಬರ ದರ ಮಾರುಕಟ್ಟೆಯ ದರಕ್ಕೆ ಹತ್ತಿರ ಇರಬೇಕು, ಇಟಾಲಿಯನ್ ಮಾರ್ಬಲ್ ಹಾಕಿಸಿ ಅದನ್ನೂ ಸೇರಿಸುವಂತಿಲ್ಲ. ಎರಡು ಮೂರು ಕೊಟೇಶನ್ ತೆಗೆದಿಟ್ಟುಕೊಳ್ಳುವುದು ಇದಕ್ಕೇ.

ಈ ಲೆಕ್ಕ ಹೊಸದೇನಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನ ಕೆಳಗೆ ಕಾನೂನು ಬರೆದವರೇ ಕೊಟ್ಟಿರುವ ಉದಾಹರಣೆಗಳಲ್ಲಿ ಮನೆ ಕಂಟ್ರಾಕ್ಟರ್ ಒಂದಕ್ಕಿಂತ ಹೆಚ್ಚು ಸಲ ಬಂದುಹೋಗುತ್ತಾನೆ. ಒಂದರಲ್ಲಿ ಅವನು ಮುಂಗಡ ಹಣ ಪಡೆದು ಮನೆ ರಿಪೇರಿ ಮಾಡುತ್ತಾನೆ, ಆದರೆ ಒಪ್ಪಿದಂತೆ ಮಾಡುವುದಿಲ್ಲ. ಒಪ್ಪಿದಂತೆ ಸರಿಪಡಿಸುವ ಖರ್ಚನ್ನು ಅವನೇ ಭರಿಸಬೇಕು. ಇನ್ನೊಂದು ಇನ್ನೂ ಸ್ವಾರಸ್ಯದ್ದು. ಜನವರಿ 1ರೊಳಗೆ ಮನೆ ಮುಗಿಸಿಕೊಡಲು ಒಪ್ಪಿದವನು ಎಷ್ಟು ಕಳಪೆಯಾಗಿ ಕಟ್ಟುತ್ತಾನೆಂದರೆ ಆ ತಾರೀಖಿಗೆ ಮೊದಲೇ ಅದು ಬಿದ್ದುಹೋಗುತ್ತದೆ. ಮಾಲೀಕ ಅದನ್ನು ಆಗಲೇ ಬಾಡಿಗೆಗೆ ಒಪ್ಪಿಕೊಂಡಿದ್ದ. ಮತ್ತೆ ಕಟ್ಟಿದ ಖರ್ಚು, ತಪ್ಪಿದ ಬಾಡಿಗೆ, ಬಾಡಿಗೆದಾರನಿಗೆ ತೆತ್ತ ಪರಿಹಾರ ಮೂರೂ ಕಂಟ್ರಾಕ್ಟರನ ತಲೆಯ ಮೇಲೆ. ಅಲ್ಲೊಂದು ಸಣ್ಣ ಮಾತು ಸೇರಿದೆ: ಆ ಬಾಡಿಗೆ ಕರಾರಿನ ವಿಷಯ ಕಂಟ್ರಾಕ್ಟರನಿಗೆ ತಿಳಿದಿತ್ತು. ಇವತ್ತಿನ ಮನೆಯವರಿಗೂ ಈ ಮಾತು ಮುಖ್ಯ. ‘ನಾವು ತಿಂಗಳಿಗೆ ಇಷ್ಟು ಬಾಡಿಗೆ ಕೊಡುತ್ತಿದ್ದೇವೆ, ಸಾಲದ ಬಡ್ಡಿ ಓಡುತ್ತಿದೆ, ಇಂಥ ತಿಂಗಳಿಗೆ ಮನೆ ಬೇಕೇ ಬೇಕು’ ಎಂಬ ಒಂದು ಸಾಲು ಕರಾರಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಇದ್ದರೆ ತಡವಾದ ತಿಂಗಳುಗಳ ಬಾಡಿಗೆ ಕೇಳುವುದು ಬಹಳ ಹಗುರಾಗುತ್ತದೆ.

ಕರಾರು ಪತ್ರವೇ ಇಲ್ಲದಿದ್ದರೆ? ಬಾಯಿಮಾತಿನ ಕರಾರೂ ಕರಾರೇ. ಸಾಬೀತು ಮಾಡುವುದಷ್ಟೇ ಕಷ್ಟ. ಎಸ್ಟಿಮೇಟ್ ಬರೆದುಕೊಟ್ಟ ಚೀಟಿ, ಬ್ಯಾಂಕ್ ವರ್ಗಾವಣೆ, ಯುಪಿಐ ದಾಖಲೆ, ‘ನಾಳೆ ಮೋಲ್ಡ್, ಎರಡು ಲಕ್ಷ ಹಾಕಿ ಸಾರ್’ ಎಂಬ ಸಂದೇಶ ಎಲ್ಲವೂ ಸಾಕ್ಷ್ಯ. ಫೋನಿನಲ್ಲಿರುವುದನ್ನು ಮುದ್ರಿಸಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಆ ಕಾರಣಕ್ಕಾದರೂ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬಾರದು.

ನಗದು ಕೊಟ್ಟವರ ಪಾಡು ಬೇರೆ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡ ಬೀಳುವುದು ತೆಗೆದುಕೊಂಡವನಿಗೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ವಿದ್ಯಾಸಂಸ್ಥೆಯ ಆಸ್ತಿಗೆ ಸಂಬಂಧಿಸಿದ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇನೆಂದು ಯಾರಾದರೂ ದಾವೆ ಹೂಡಿದರೆ ನ್ಯಾಯಾಲಯ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂಬ ಸಲಹೆ ಕೇಳಿದವರು ಈಗ ಅದರ ಬೆಲೆಯನ್ನೂ ಲೆಕ್ಕ ಹಾಕಬೇಕು.

ಇನ್ನು ಎಲ್ಲಿಗೆ ಹೋಗುವುದು? ವಾಸಕ್ಕಾಗಿ ಮನೆ ಕಟ್ಟಿಸುತ್ತಿರುವ ಸಾಮಾನ್ಯ ಕುಟುಂಬಕ್ಕೆ ಮೊದಲ ದಾರಿ ಜಿಲ್ಲಾ ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದು ‘ಸೇವೆ’ ಹೌದೋ ಅಲ್ಲವೋ ಎಂಬ ಜಗಳ ಒಂದು ಕಾಲದಲ್ಲಿ ಇತ್ತು. 1993ರ ತಿದ್ದುಪಡಿ ‘ಗೃಹ ನಿರ್ಮಾಣ’ವನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಸ್ಪಷ್ಟವಾಗಿ ಬರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿಗೆ ಮುಂಚೆಯೂ ಅದು ಸೇವೆಯೇ ಆಗಿತ್ತು ಎಂದು ತೀರ್ಮಾನಿಸಿತು. 2008ರಲ್ಲಿ ದೆಹಲಿಯ ಕೈಲಾಶ್ ಕಾಲೊನಿಯ ನಿವೇಶನವೊಂದರ ವ್ಯಾಜ್ಯದಲ್ಲಿ, ಬಿಲ್ಡರ್ ಜೊತೆ ಪಾಲಿನ ಒಪ್ಪಂದ ಮಾಡಿಕೊಂಡ ಜಾಗದ ಮಾಲೀಕನೂ ಗ್ರಾಹಕನೇ ಎಂದಿತು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಗೃಹ ನಿರ್ಮಾಣ ಉಳಿದಿದೆ. ಸಾಮಾನು ಸಮೇತದ ಕಂಟ್ರಾಕ್ಟಾಗಲಿ, ಲೇಬರ್ ಕಂಟ್ರಾಕ್ಟಾಗಲಿ ವ್ಯತ್ಯಾಸವಿಲ್ಲ. ಆದರೆ ಮನೆಯವರೇ ಮೇಲ್ವಿಚಾರಣೆ ಮಾಡುತ್ತ ದಿನಗೂಲಿಗೆ ಆಳುಗಳನ್ನು ಇಟ್ಟುಕೊಂಡಿದ್ದರೆ ಅದು ಕೆಲಸಕ್ಕಿಟ್ಟುಕೊಂಡ ಸಂಬಂಧ, ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪಾರಕ್ಕೆಂದೇ ಕಟ್ಟುವ ಮಳಿಗೆಗಳ ಕಟ್ಟಡಕ್ಕೂ ಇಲ್ಲಿ ತಕರಾರು ಏಳುತ್ತದೆ.

ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಲೆಕ್ಕಕ್ಕೆ ಬರುವುದು ಕೊಟ್ಟ ಹಣವೇ ಹೊರತು ಕೇಳುವ ಪರಿಹಾರವಲ್ಲ. ಶುಲ್ಕ ಕೇಳಿದರೆ ನಗು ಬರಬಹುದು: 5 ಲಕ್ಷದವರೆಗೆ ಏನೂ ಇಲ್ಲ, ಮೇಲಿನ 18 ಲಕ್ಷದ ಉದಾಹರಣೆಗೆ 400 ರೂಪಾಯಿ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ಹಾಕಬಹುದು. ಮಗ ಬೆಂಗಳೂರಿನಲ್ಲಿದ್ದು ಹಾಸನದ ನಿವೇಶನದಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿಸುತ್ತಿದ್ದರೆ, ಕರಾರು ಅವನ ಹೆಸರಿನಲ್ಲಿದ್ದ ಪಕ್ಷದಲ್ಲಿ ಬೆಂಗಳೂರಿನಲ್ಲೇ ದೂರು ಕೊಡುವ ಅನುಕೂಲ ಇದು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, 1915ಕ್ಕೆ ಕರೆ ಮಾಡಿ ಮಾಹಿತಿ ಕೇಳಬಹುದು. ಕರಾರಿನಲ್ಲಿ ‘ವ್ಯಾಜ್ಯವನ್ನು ಆರ್ಬಿಟ್ರೇಟರ್ ಮುಂದೆ ಇತ್ಯರ್ಥ ಮಾಡಿಕೊಳ್ಳತಕ್ಕದ್ದು’ ಎಂದಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಎತ್ತಿಹಿಡಿಯಿತು.

ಗಡುವು ಮಾತ್ರ ಚಿಕ್ಕದು, ಎರಡು ವರ್ಷ. ‘ಇವತ್ತು ಬರ್ತೀನಿ ನಾಳೆ ಬರ್ತೀನಿ’ ಎಂಬ ಮಾತು ನಂಬಿ ಕಾದರೆ ಅದು ಸರಿದುಹೋಗುವುದೇ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ಆಯೋಗದ ನೋಟಿಸು ತಲುಪಿದ ಕಂಟ್ರಾಕ್ಟರ್ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಸಲ್ಲಿಸಬೇಕು. ಆ 45 ದಿನ ಮೀರಿದರೆ ಆಯೋಗಕ್ಕೂ ವಿಸ್ತರಿಸುವ ಅಧಿಕಾರವಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸಂವಿಧಾನ ಪೀಠ ಹೇಳಿದೆ. ಫೋನ್ ಎತ್ತದೆ ತಪ್ಪಿಸಿಕೊಳ್ಳುವ ಚಾಳಿಯವನಿಗೆ ಇದು ದುಬಾರಿಯಾಗುತ್ತದೆ. ಮೂರು ತಿಂಗಳಲ್ಲಿ ದೂರು ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ, ಪರೀಕ್ಷೆ ಬೇಕಾದ ಪ್ರಕರಣಗಳಲ್ಲಿ ಐದು ತಿಂಗಳು. ಅಷ್ಟರಲ್ಲಿ ಮುಗಿಯುವುದು ಅಪರೂಪ. ಮನೆ ಮುಗಿಸುವ ಯೋಜನೆಯನ್ನು ಆಯೋಗದ ತಾರೀಖುಗಳಿಗೆ ಕಟ್ಟಿಹಾಕಿ ಕೂರಬಾರದು ಎನ್ನುವುದು ಇದಕ್ಕೇ.

ರೇರಾಕ್ಕೆ ಹೋಗಬಹುದೇ ಎಂದು ಕೇಳುವವರಿದ್ದಾರೆ. ಫ್ಲ್ಯಾಟು, ಲೇಔಟು ಮಾರುವ ಪ್ರವರ್ತಕರಿಗೆ ಸಂಬಂಧಿಸಿದ ಕಾನೂನು ಅದು. ಸ್ವಂತ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವ ಮನೆಗೆ ಅನ್ವಯವಾಗುವುದಿಲ್ಲ.

ಹಣ ದೊಡ್ಡದಿದ್ದು, ಸಾಕ್ಷಿಗಳ ಪಾಟೀ ಸವಾಲು ವಿಸ್ತಾರವಾಗಿ ನಡೆಯಬೇಕಾದ ತಂಟೆ ಇದ್ದರೆ ಸಿವಿಲ್ ನ್ಯಾಯಾಲಯವೇ ಸರಿ. ಅಲ್ಲಿ ಗಡುವು ಮೂರು ವರ್ಷ, ಆದರೆ ದಾವೆಯ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ನ್ಯಾಯಾಲಯವೇ ಕಮಿಷನರನ್ನು ಕಳಿಸಿ ಸೈಟಿನ ವರದಿ ತರಿಸಿಕೊಳ್ಳಬಹುದು. ಕಂಟ್ರಾಕ್ಟರ್ ಆಸ್ತಿ ಮಾರಿ ಜಾಗ ಖಾಲಿ ಮಾಡುವ ಹವಣಿಕೆಯಲ್ಲಿದ್ದಾನೆಂದು ತೋರಿಸಿದರೆ ತೀರ್ಪಿಗೆ ಮುಂಚೆಯೇ ಜಪ್ತಿ ಆದೇಶ ಕೇಳಬಹುದು. ಛಾಪಾ ಕಾಗದ ಸರಿಯಿಲ್ಲದ ಕರಾರು ಪತ್ರ ಇಲ್ಲಿ ಕಾಟ ಕೊಡುತ್ತದೆ: ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಅದು ಸಾಕ್ಷ್ಯವಾಗುವುದು.

ಊರ ಹಿರಿಯರ ಮುಂದೆ ಪಂಚಾಯಿತಿ ಸೇರಿಸಿದಾಗ ಕಂಟ್ರಾಕ್ಟರ್ ಚೆಕ್ ಬರೆದುಕೊಡುವುದುಂಟು. ಆ ಚೆಕ್ ಬೌನ್ಸ್ ಆದರೆ ಕಥೆಯೇ ಬದಲಾಗುತ್ತದೆ. ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಂ ಅಡಿ, ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ 15 ದಿನ ಕಾಲಾವಕಾಶ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು. ಠಾಣೆಯಲ್ಲಿ ಹುಟ್ಟದಿದ್ದ ಕ್ರಿಮಿನಲ್ ಕೇಸು ಚೆಕ್ಕಿನಿಂದ ಹುಟ್ಟುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ದಾವೆಗೆ ಮುಂಚಿನ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಅದಕ್ಕೆ ಸಿವಿಲ್ ಡಿಕ್ರಿಯ ಬಲವಿದೆ. ಹಿರಿಯರ ಪಂಚಾಯಿತಿಯ ಮುಚ್ಚಳಿಕೆಗೆ ಆ ಬಲವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100.

ಕಂಟ್ರಾಕ್ಟರನ ಕಡೆಯ ಮಾತೂ ಇರುತ್ತದೆ, ಅದು ಎಷ್ಟೋ ಸಲ ಸುಳ್ಳೂ ಅಲ್ಲ. ವಾಸ್ತು ಎಂದು ಅಡುಗೆಮನೆಯನ್ನು ಆಗ್ನೇಯಕ್ಕೆ ತಿರುಗಿಸಿದರು, ಕಟ್ಟಿದ ಮೆಟ್ಟಿಲು ಒಡೆಸಿದರು, ಸಂಪು ದೊಡ್ಡದು ಮಾಡಿಸಿದರು, ಎಕ್ಸ್‌ಟ್ರಾ ಕೆಲಸದ ದುಡ್ಡು ಕೇಳಿದರೆ ಕೊನೆಗೆ ನೋಡೋಣ ಎಂದರು ಎನ್ನುತ್ತಾನೆ. ಕೊಡಬೇಕಾದ ಕಂತು ಕೊಡದೆ ಅಥವಾ ಕೆಲಸಕ್ಕೆ ಅಡ್ಡಿ ಮಾಡಿ ಮನೆಯವರೇ ಕರಾರು ಮುರಿದಿದ್ದರೆ ಕಾನೂನು ಅವನ ಕಡೆಗಿರುತ್ತದೆ. ಕಂತು ಯಾವ ದಿನ ಕೊಡಬೇಕಿತ್ತು, ಯಾವ ದಿನ ಕೊಟ್ಟೆವು ಎಂಬ ಎರಡು ತಾರೀಖುಗಳ ಪಟ್ಟಿಯೇ ಇದಕ್ಕೆ ಒಳ್ಳೆಯ ಉತ್ತರ. ಹೆಚ್ಚುವರಿ ಕೆಲಸಕ್ಕೆ ಒಪ್ಪಿದ ದರ ಸಂದೇಶದಲ್ಲಾದರೂ ಇರಬೇಕು.

ಗೆದ್ದ ಮೇಲೂ ಒಂದು ಘಟ್ಟ ಉಳಿದಿರುತ್ತದೆ. ಜಿಲ್ಲಾ ಆಯೋಗದ ಆದೇಶದ ಮೇಲೆ ಕಂಟ್ರಾಕ್ಟರ್ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು. ಮೇಲ್ಮನವಿಗೂ ಹೋಗದೆ, ಹಣವನ್ನೂ ಕಟ್ಟದೆ ಕುಳಿತರೆ ಅಮಲ್ಜಾರಿ ಅರ್ಜಿ ಹಾಕಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಅಡಿ ಆಯೋಗದ ಆದೇಶವನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿ ಆಸ್ತಿ, ಬ್ಯಾಂಕ್ ಖಾತೆ ಜಪ್ತಿ ಮಾಡಿಸಬಹುದು. 72ನೇ ಕಲಂ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಾರಂಟ್ ಹೊರಟ ಮೇಲೆ ಕಂತಿನಲ್ಲಾದರೂ ಕಟ್ಟುತ್ತೇನೆಂದು ಬರುವವರಿದ್ದಾರೆ.

ಜಪ್ತಿ ಮಾಡಲು ಏನಾದರೂ ಇರಬೇಕಲ್ಲ. ಬೋರ್ಡಿನಲ್ಲಿ ‘ಬಿಲ್ಡರ್ಸ್ ಅಂಡ್ ಡೆವಲಪರ್ಸ್’ ಎಂದಿದ್ದರೂ ಒಳಗೆ ಒಬ್ಬನೇ ಮಾಲೀಕನಿದ್ದರೆ ಅವನ ಸ್ವಂತ ಆಸ್ತಿಯೂ ಹೊಣೆಗೆ ಬರುತ್ತದೆ. ಪಾಲುದಾರಿಕೆ ಸಂಸ್ಥೆಯಾದರೆ ಪ್ರತಿ ಪಾಲುದಾರನೂ ಪೂರ್ತಿ ಮೊತ್ತಕ್ಕೆ ಹೊಣೆ, ಹಾಗಾಗಿ ದೂರಿನಲ್ಲಿ ಎಲ್ಲರ ಹೆಸರೂ ಇರಬೇಕು. ಪ್ರೈವೇಟ್ ಲಿಮಿಟೆಡ್ ಆದರೆ ಸಾಮಾನ್ಯವಾಗಿ ಕಂಪನಿಯ ಆಸ್ತಿ ಮಾತ್ರ. ಕಂಪನಿಯ ಹೆಸರಿನಲ್ಲಿ ಒಂದು ಟೇಬಲ್ಲು, ನಾಲ್ಕು ಕುರ್ಚಿ ಬಿಟ್ಟರೆ ಏನೂ ಇರದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ. ಲೋಕೋಪಯೋಗಿ ಇಲಾಖೆಯ ‘ಕ್ಲಾಸ್ ಒನ್’ ಲೈಸೆನ್ಸ್ ತೋರಿಸಿದರೂ ಅದು ಸರ್ಕಾರಿ ಟೆಂಡರಿಗೆ ಸಂಬಂಧಿಸಿದ್ದು, ಖಾಸಗಿ ಮನೆಯ ಕೆಲಸಕ್ಕೆ ಜಾಮೀನಲ್ಲ. ಜಿಎಸ್‌ಟಿ ಪೋರ್ಟಲಿನಲ್ಲಿ ಅವನ ನೋಂದಣಿ ಸಂಖ್ಯೆ ಹಾಕಿದರೆ ವ್ಯವಹಾರದ ಕಾನೂನುಬದ್ಧ ಹೆಸರು, ಅದು ಯಾವ ಬಗೆಯ ಸಂಸ್ಥೆ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಯಾರಿಗೆ ಬೇಕಾದರೂ ಕಾಣುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ನೋಡಿಟ್ಟುಕೊಂಡವರಿಗೆ ದೂರಿನಲ್ಲಿ ಎದುರುದಾರರ ಹೆಸರು, ವಿಳಾಸ ಬರೆಯುವಾಗ ತಡಕಾಟ ಇರುವುದಿಲ್ಲ.